ನಿಧಾನದ ಬ್ಯಾಟಿನಿಂದ ಏನು ಲಾಭ?

ಮಕ್ಕಳೇ, ಮಲೆ ಮಹದೇಶ್ವರ ಬೆಟ್ಟದ ಜಾತ್ರೆಯಲ್ಲಿ ಬೀಸು ಕಂಸಾಳೆಯನ್ನು ನೋಡಿದ್ದೀರಲ್ಲವೇ? ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಇನ್ನೊಂದು ತಾಳ. ದಾರದ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ ಎಡಗೈಯ ತಾಳಕ್ಕೆ ತಾಗಿಸುತ್ತಾರೆ. ಹೊಸದಾಗಿ ಕಲಿಯುವವರು ಮೊದಲ ದಿನವೇ ಆ ವೇಗದಲ್ಲಿ ಬೀಸಿದರೆ ಏನಾದೀತು? ಕಂಚು ಮೊಣಕೈಗೋ ಹಣೆಗೋ ಬಡಿಯುತ್ತದೆ. ಆದ್ದರಿಂದ ಮೊದಲು ನಿಧಾನ ಲಯ. ಕೈಗೆ ದಾರಿ ತಿಳಿದ ಮೇಲೆ ವೇಗ.

ಟೇಬಲ್ ಟೆನಿಸ್ ಆಟವೂ ಹೀಗೆಯೇ. ಆದರೆ ಅಲ್ಲಿ ಒಂದು ತೊಡಕಿದೆ. ಕಂಸಾಳೆಯ ವೇಗ ಪೂರ್ತಿ ಬೀಸುವವರ ಕೈಯಲ್ಲಿರುತ್ತದೆ. ಟೇಬಲ್ ಟೆನಿಸ್‌ನಲ್ಲಿ ವೇಗದ ಒಂದು ಪಾಲನ್ನು ಬ್ಯಾಟೇ ಕೊಡುತ್ತದೆ, ನಿಮಗೆ ಬೇಕಿರಲಿ, ಬೇಡದಿರಲಿ!

ನಿಮ್ಮ ಶಾಲೆಯ ತಂಡ ಹನೂರಿನಲ್ಲೋ ಕೊಳ್ಳೇಗಾಲದಲ್ಲೋ ಪಂದ್ಯ ಆಡಲು ಹೋಗಿದೆ ಎಂದುಕೊಳ್ಳಿ. ಎದುರಾಳಿಯ ಕೈಯಲ್ಲಿ ಹೊಸ ವೇಗದ ಬ್ಯಾಟು. ನೀವು ಸೋತಿರಿ. ಊರಿಗೆ ಮರಳುವಾಗ ಬಸ್ಸಿನಲ್ಲಿ ಒಂದೇ ಯೋಚನೆ: ದುಡ್ಡು ಕೂಡಿಹಾಕಿ ಅಂಥದೇ ಬ್ಯಾಟು ಕೊಳ್ಳಬೇಕು. ಸ್ವಲ್ಪ ತಾಳಿ. ದುಡ್ಡು ಕೊಡುವ ಮೊದಲು ಬ್ಯಾಟಿನೊಳಗೆ ಏನಿದೆ ಎಂದು ನೋಡೋಣ.

ಬ್ಯಾಟಿನ ಎರಡೂ ಬದಿಯ ರಬ್ಬರನ್ನು ತೆಗೆದರೆ ಉಳಿಯುವುದು ಮರದ ಹಲಗೆ. ಆಟಗಾರರು ಇದನ್ನು ‘ಬ್ಲೇಡ್’ ಎನ್ನುತ್ತಾರೆ. ಹಲವು ತೆಳು ಪದರಗಳನ್ನು ಅಂಟಿಸಿ ಇದನ್ನು ಮಾಡುತ್ತಾರೆ. ನಿಯಮದ ಪ್ರಕಾರ ಇದರ ದಪ್ಪದಲ್ಲಿ ಶೇಕಡಾ 85ರಷ್ಟಾದರೂ ಸಹಜ ಮರವೇ ಇರಬೇಕು. ಉಳಿದ ಪಾಲಿನಲ್ಲಿ ಇಂಗಾಲದ ಎಳೆಗಳ, ಅಂದರೆ ಕಾರ್ಬನ್ನಿನ, ತೆಳು ಪದರ ಸೇರಿಸಬಹುದು. ಕಾರ್ಬನ್ ಸೇರಿದರೆ ಹಲಗೆ ಬಿರುಸಾಗುತ್ತದೆ. ಬಿರುಸಾದ ಹಲಗೆಯಿಂದ ಚೆಂಡು ಜೋರಾಗಿ ಚಿಮ್ಮುತ್ತದೆ. ಏಕೆ?

ಮಾಡಿ ನೋಡಿ. ಪರೀಕ್ಷೆಗೆ ಬಳಸುವ ತೆಳು ಬರೆಯುವ ಪ್ಯಾಡೊಂದನ್ನು ಸಿಮೆಂಟು ನೆಲದ ಮೇಲೆ ಚಪ್ಪಟೆಯಾಗಿ ಇಡಿ. 30 ಸೆಂಟಿಮೀಟರ್ ಎತ್ತರದಿಂದ ಟೇಬಲ್ ಟೆನಿಸ್ ಚೆಂಡನ್ನು ಅದರ ಮೇಲೆ ಬೀಳಬಿಡಿ. ಎಷ್ಟು ಎತ್ತರಕ್ಕೆ ಪುಟಿಯಿತೆಂದು ಗೆಳೆಯನೊಬ್ಬ ಅಡಿಪಟ್ಟಿ ಹಿಡಿದು ಗುರುತು ಮಾಡಲಿ. ಈಗ ಅದೇ ಪ್ಯಾಡನ್ನು ಎರಡು ಇಟ್ಟಿಗೆಗಳ ಮೇಲೆ ಸೇತುವೆಯಂತೆ ಇಟ್ಟು, ಅದರ ನಡುಭಾಗಕ್ಕೆ ಚೆಂಡನ್ನು ಬೀಳಿಸಿ. ಪುಟಿತ ಕಡಿಮೆಯಾಗುತ್ತದೆ. ಪ್ಯಾಡು ಅದೇ, ಚೆಂಡು ಅದೇ, ಎತ್ತರವೂ ಅದೇ. ಬದಲಾದದ್ದು ಒಂದೇ: ಎರಡನೆಯ ಸಲ ಹಲಗೆಗೆ ಬಾಗಲು, ನಡುಗಲು ಜಾಗ ಸಿಕ್ಕಿತು. ಚೆಂಡಿನ ಶಕ್ತಿಯ ಒಂದು ಭಾಗ ಆ ನಡುಕಕ್ಕೆ ಖರ್ಚಾಯಿತು. (ಸರಿಯಾದ ಟೇಬಲ್ ಮೇಲೆ 30 ಸೆಂ.ಮೀ.ನಿಂದ ಬಿದ್ದ ಚೆಂಡು ಸುಮಾರು 23 ಸೆಂ.ಮೀ. ಪುಟಿಯಬೇಕು. ನಿಮ್ಮ ಶಾಲೆಯ ಟೇಬಲ್ ಎಷ್ಟು ಪುಟಿಸುತ್ತದೆ, ಅಳೆಯಿರಿ.)

ಬ್ಯಾಟಿನಲ್ಲೂ ಇದೇ ನಡೆಯುತ್ತದೆ. ಚೆಂಡು ಬ್ಯಾಟಿಗೆ ತಾಗಿಕೊಂಡಿರುವುದು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಬರೀ ಮರದ ಹಲಗೆ ಕೊಂಚ ಬಾಗುತ್ತದೆ, ಶಕ್ತಿಯಲ್ಲಿ ಸ್ವಲ್ಪ ಉಳಿಸಿಕೊಳ್ಳುತ್ತದೆ. ಕಾರ್ಬನ್ ಹಲಗೆ ಬಾಗುವುದು ಕಡಿಮೆ, ಹಿಂದಿರುಗಿಸುವುದು ಹೆಚ್ಚು.

ಹಾಗಾದರೆ ವೇಗದ ಬ್ಯಾಟೇ ಒಳ್ಳೆಯದಲ್ಲವೇ? ಒಂದು ಲೆಕ್ಕ ಮಾಡೋಣ. ಟೇಬಲ್ಲಿನ ಉದ್ದ 2.74 ಮೀಟರ್. ನೀವು ನಿಮ್ಮ ಅಂಚಿನಲ್ಲಿ, ಟೇಬಲ್‌ಗಿಂತ 30 ಸೆಂ.ಮೀ. ಮೇಲೆ, ಚೆಂಡನ್ನು ನೇರ ಅಡ್ಡಲಾಗಿ ಹೊಡೆದಿರಿ. ಅದು ಟೇಬಲ್ ಮಟ್ಟಕ್ಕೆ ಇಳಿಯಲು ಸುಮಾರು ಕಾಲು ಸೆಕೆಂಡು ಬೇಕು. ಗುರುತ್ವ ಇದಕ್ಕಿಂತ ಆತುರಪಡುವುದಿಲ್ಲ! ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸೆಕೆಂಡಿಗೆ 10 ಮೀಟರ್ ವೇಗದ ಚೆಂಡು ಅಷ್ಟರಲ್ಲಿ ಸುಮಾರು 2.5 ಮೀಟರ್ ಹೋಗಿ ಟೇಬಲ್ ಮೇಲೆಯೇ ಬೀಳುತ್ತದೆ. 12 ಮೀಟರ್ ವೇಗದ ಚೆಂಡು ಸುಮಾರು 3 ಮೀಟರ್ ಹೋಗಿ ಹೊರಗೆ ಬೀಳುತ್ತದೆ. ನಿಜವಾದ ಆಟದಲ್ಲಿ ಗಾಳಿ ಚೆಂಡನ್ನು ತಡೆಯುವುದರಿಂದ ಅಂಕಿಗಳು ಬದಲಾಗುತ್ತವೆ, ಆದರೆ ವಿಷಯ ಬದಲಾಗುವುದಿಲ್ಲ. ವೇಗ ಹೆಚ್ಚಿದಂತೆ ತಪ್ಪಿಗೆ ಇರುವ ಜಾಗ ಕಿರಿದಾಗುತ್ತದೆ.

ನುರಿತ ಆಟಗಾರರು ವೇಗದ ಚೆಂಡನ್ನು ಟೇಬಲ್ ಮೇಲೆ ಬೀಳಿಸುವುದು ಹೇಗೆ? ಅವರು ಚೆಂಡಿನ ಹಿಂಬದಿಯನ್ನು ಕೆಳಗಿನಿಂದ ಮೇಲಕ್ಕೆ ಸವರಿ ಅದನ್ನು ಮುಂದಕ್ಕೆ ಉರುಳುವಂತೆ ತಿರುಗಿಸುತ್ತಾರೆ. ಹೀಗೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಇದಕ್ಕೆ ‘ಟಾಪ್ ಸ್ಪಿನ್’ ಎಂದು ಹೆಸರು. ಇದನ್ನು ಕಲಿಯಲು ಕಾಲು, ಸೊಂಟ, ತೋಳು ಎಲ್ಲವೂ ಕೂಡಿ ಪೂರ್ತಿಯಾಗಿ ಬೀಸಬೇಕು. ಕಲಿಯುವವರ ಕೈಗೆ ವೇಗದ ಬ್ಯಾಟು ಕೊಟ್ಟರೆ ಅವರು ಏನು ಮಾಡುತ್ತಾರೆ ಗೊತ್ತೆ? ನಾಲ್ಕು ಚೆಂಡು ಹೊರಗೆ ಹೋದ ಮೇಲೆ ಹೆದರಿ, ಕೈಯನ್ನು ಮುದುರಿ, ಚೆಂಡಿಗೆ ಬ್ಯಾಟನ್ನು ಸುಮ್ಮನೆ ಅಡ್ಡ ಹಿಡಿಯುತ್ತಾರೆ. ಆಗ ಚೆಂಡು ದಾಟುತ್ತದೆ, ಅಂಕವೂ ಬರುತ್ತದೆ. ಆದರೆ ಬೀಸುವುದು ಮಾತ್ರ ಬರುವುದಿಲ್ಲ. ನಿಧಾನದ ಹಲಗೆಯಲ್ಲಿ ಈ ಕಳ್ಳದಾರಿ ಇಲ್ಲ. ಪೂರ್ತಿ ಬೀಸದಿದ್ದರೆ ಚೆಂಡಿಗೆ ಬಲವೇ ಸಿಗುವುದಿಲ್ಲ.

ಬ್ಯಾಟೇ ಆಟ ಗೆಲ್ಲಿಸಿದ ಉದಾಹರಣೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಅದೂ ನಮ್ಮ ದೇಶದಲ್ಲೇ! 1952ರಲ್ಲಿ ಮುಂಬಯಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜಿನ ಬ್ಯಾಟು ತಂದಿದ್ದರು. ಬೇರೆಯವರ ಬ್ಯಾಟುಗಳು ‘ಟಕ್’ ಎಂದು ಸದ್ದು ಮಾಡುತ್ತಿದ್ದರೆ ಅವರ ಬ್ಯಾಟು ಸದ್ದಿಲ್ಲದೆ ಚೆಂಡನ್ನು ಚಿಮ್ಮಿಸುತ್ತಿತ್ತು. ಎದುರಾಳಿಗಳು ತಬ್ಬಿಬ್ಬಾದರು, ಸಾಟೊ ಗೆದ್ದರು. ಆದರೆ ಸ್ಪಾಂಜಿನ ಗುಟ್ಟು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ಎಲ್ಲರೂ ಸ್ಪಾಂಜು ಬಳಸತೊಡಗಿದರು. 1959ರಲ್ಲಿ ಅದರ ದಪ್ಪಕ್ಕೆ ಮಿತಿ ಬಂತು. ಇಂದಿಗೂ ಸ್ಪಾಂಜು, ರಬ್ಬರು, ಅಂಟು ಎಲ್ಲ ಸೇರಿ 4 ಮಿಲಿಮೀಟರ್ ಮೀರುವಂತಿಲ್ಲ.

ನಿಧಾನ ಎಂದರೆ ಹೊಸಬರಿಗೆ ಮಾತ್ರ ಎಂದೂ ತಿಳಿಯಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಜರ್ಮನಿಯ ಎದುರು ಭಾರತ ಗೆದ್ದ ಒಂದೇ ಪಂದ್ಯ ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಅದೇ ತಂಡದ ಮಣಿಕಾ ಬಾತ್ರಾ ಬ್ಯಾಟಿನ ಒಂದು ಬದಿಗೆ ಉದ್ದ ಗುಬುಟುಗಳಿರುವ ರಬ್ಬರನ್ನು ಬಳಸಿ ಹೆಸರಾದವರು. ಆ ರಬ್ಬರಿಗೆ ತಾಗಿದ ಚೆಂಡಿನ ವೇಗ ತಗ್ಗುತ್ತದೆ, ಎದುರಾಳಿಯ ಲಯ ತಪ್ಪುತ್ತದೆ.

ಇನ್ನು ಕೊಳ್ಳುವ ಮಾತು. ಬ್ಲೇಡುಗಳ ಮೇಲೆ ‘ಡಿಫ್’, ‘ಆಲ್’, ‘ಆಫ್’ ಎಂಬ ಗುರುತುಗಳಿರುತ್ತವೆ. ಅಂದರೆ ರಕ್ಷಣೆಗೆ, ಎಲ್ಲ ಬಗೆಯ ಆಟಕ್ಕೆ, ದಾಳಿಗೆ. ಕಲಿಯುವವರಿಗೆ ‘ಆಲ್’ ಗುರುತಿನ, ಐದು ಪದರಗಳ ಬರೀ ಮರದ ಹಲಗೆ ಸಾಕು. ಅದು ಕಾರ್ಬನ್ ಹಲಗೆಗಿಂತ ಸಾಮಾನ್ಯವಾಗಿ ಅಗ್ಗವೂ ಹೌದು.

ಆದರೆ ನಿಧಾನದ ಬ್ಯಾಟು ಬೇರೆ, ಸತ್ತ ಬ್ಯಾಟು ಬೇರೆ. ಶಾಲೆಯ ಕಪಾಟಿನಲ್ಲಿ ವರ್ಷಗಟ್ಟಲೆ ಧೂಳು ಹಿಡಿದ ಬ್ಯಾಟಿನ ರಬ್ಬರು ಗಾಜಿನಂತೆ ನುಣುಪಾಗಿರುತ್ತದೆ. ಅದರಲ್ಲಿ ಚೆಂಡನ್ನು ಸವರಿದರೆ ಜಾರುತ್ತದೆಯೇ ಹೊರತು ತಿರುಗುವುದಿಲ್ಲ. ಒದ್ದೆ ಬಟ್ಟೆಯಿಂದ ರಬ್ಬರನ್ನು ಒರೆಸಿ, ಒಣಗಿದ ಮೇಲೆ ಚೆಂಡನ್ನು ಅದರ ಮೇಲೆ ಒತ್ತಿ ಎಳೆಯಿರಿ. ಹಿಡಿದಂತಾದರೆ ಆ ಬ್ಯಾಟಿನಲ್ಲಿ ಇನ್ನೂ ಕಲಿಯಬಹುದು. ಜಾರಿದರೆ ಹಲಗೆಯನ್ನು ಎಸೆಯಬೇಡಿ, ರಬ್ಬರನ್ನು ಮಾತ್ರ ಬದಲಿಸಿ.