ಬಟ್ಟಲು ಚಿಕ್ಕದಾದರೂ ಪ್ರಸಾದ ಪೂರ್ಣವೇ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಳಿಕ ಊಟದ ವೈವಿಧ್ಯ



ಹಿರೇನಲ್ಲೂರು ಹೋಬಳಿಯ ಭಕ್ತರೊಬ್ಬರು ಬಹುಕಾಲದಿಂದ ಶ್ರೀಮಠದ ದಾಸೋಹದಲ್ಲಿ ಬಡಿಸುವ ಸೇವೆ ಮಾಡುತ್ತ ಬಂದವರು. ಕೆಲವು ತಿಂಗಳುಗಳಿಂದ ಅವರು ಪೂಜೆಗೆ ಬರುತ್ತಿದ್ದರು. ಪ್ರಸಾದದ ಪಂಕ್ತಿ ಕೂರುವ ವೇಳೆಗೆ ಮಾತ್ರ ಕಾಣುತ್ತಿರಲಿಲ್ಲ. ವಿಚಾರಿಸಿದಾಗ ಸಂಕೋಚದಿಂದ ನಿಜ ಹೇಳಿದರು. ಮಧುಮೇಹ ಮತ್ತು ಅತಿತೂಕದ ಕಾರಣಕ್ಕೆ ಅವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. “ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತದೆ. ಬಡಿಸಿದ ಪ್ರಸಾದವನ್ನು ಬಿಟ್ಟೇಳುವುದು ಹೇಗೆ? ಮನೆಯಲ್ಲಿಯೂ ದಿನಾ ಅದೇ ಗಂಜಿ, ಅದೇ ಬೇಳೆಕಟ್ಟು. ಊಟವೆಂದರೇ ಬೇಸರ ಬಂದುಬಿಟ್ಟಿದೆ” ಎಂದರು.

ಇದು ಒಬ್ಬರ ನೋವಲ್ಲ. ವೈದ್ಯರು ಬೇರಿಯಾಟ್ರಿಕ್ ಎಂದು ಕರೆಯುವ ಈ ಚಿಕಿತ್ಸೆಯನ್ನು ಮಾಡಿಸಿಕೊಂಡವರು ಈಗ ನಮ್ಮ ಊರುಗಳಲ್ಲಿಯೂ ಇದ್ದಾರೆ. ಅವರ ಊಟ ಹೇಗಿರಬೇಕು, ಮನೆಯವರೂ ಪಂಕ್ತಿಯಲ್ಲಿ ಬಡಿಸುವವರೂ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಒಳಗೆ ಆಗಿರುವ ಬದಲಾವಣೆ

ಈ ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಸ್ಲೀವ್ ಎಂಬ ವಿಧದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಹೆಚ್ಚಿನದನ್ನು ತೆಗೆದು, ಬಾಳೆಕಾಯಿಯಂತಹ ನೀಳವಾದ ಕೊಳವೆಯನ್ನು ಉಳಿಸುತ್ತಾರೆ. ಬೈಪಾಸ್ ಎಂಬ ವಿಧದಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿ ಬೇರ್ಪಡಿಸಿ ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಎರಡರಲ್ಲಿಯೂ ಒಂದು ಹೊತ್ತಿಗೆ ಹಿಡಿಸುವ ಆಹಾರ ಒಂದು ಚಿಕ್ಕ ಬಟ್ಟಲಿನಷ್ಟು ಮಾತ್ರ. ಮೊದಲ ವಾರಗಳಲ್ಲಿ ಅಷ್ಟೂ ಹಿಡಿಸದು. ಆದ್ದರಿಂದ “ಇಷ್ಟೇ ಸಾಕು” ಎಂದು ಅವರು ಹೇಳುವುದು ಉಪಚಾರದ ಮಾತಲ್ಲ, ದೇಹದ ಮಾತು.

“ನಾಲಿಗೆಯ ಮೇಲೆ ಹಿಡಿತವಿಲ್ಲದೆ ಹೊಟ್ಟೆ ಕೊಯ್ಯಿಸಿಕೊಂಡರು” ಎಂಬ ಮಾತು ಕೆಲವು ಕಡೆ ನಮ್ಮ ಕಿವಿಗೂ ಬಿದ್ದಿದೆ. ಅತಿತೂಕವೂ ಒಂದು ರೋಗ. ರೋಗಕ್ಕೆ ಚಿಕಿತ್ಸೆ ಪಡೆದವರನ್ನು ಆಡಿಕೊಳ್ಳುವುದು ಶರಣ ಧರ್ಮಕ್ಕೆ ಸಲ್ಲದು.

ಆಹಾರದ ಮೆಟ್ಟಿಲುಗಳು

ಸಾಮಾನ್ಯವಾಗಿ ಮೊದಲ ಎರಡು ವಾರ ದ್ರವಾಹಾರ, ಅನಂತರ ನುಣ್ಣಗೆ ಅರೆದ ಆಹಾರ, ಆಮೇಲೆ ಮೆತ್ತಗಿನ ಆಹಾರ, ಸುಮಾರು ಎರಡು ತಿಂಗಳ ಹೊತ್ತಿಗೆ ಎಲ್ಲರಂತಹ ಊಟ. ಇದರ ಅವಧಿ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ತಮ್ಮ ವೈದ್ಯರು ಹೇಳಿದ ಕ್ರಮವೇ ಅಂತಿಮ. ಮೆಟ್ಟಿಲು ಹಾರಿ ಅವಸರಪಟ್ಟರೆ ವಾಂತಿ, ನೋವು ತಪ್ಪದು. ನಮ್ಮ ಭಕ್ತರಿಗೆ ಆದದ್ದು ಇದಕ್ಕೆ ವಿರುದ್ಧ. ಮೇಲಿನ ಮೆಟ್ಟಿಲು ಹತ್ತಲು ಅನುಮತಿ ದೊರೆತ ಮೇಲೂ ಭಯದಿಂದ ಗಂಜಿಯಲ್ಲಿಯೇ ನಿಂತುಬಿಟ್ಟಿದ್ದರು. ಬೇಸರ ಹುಟ್ಟುವುದು ಇಲ್ಲಿಯೇ. ಬೇಸರ ಹೆಚ್ಚಿದಾಗ ಮನಸ್ಸು ಸುಲಭವಾಗಿ ಇಳಿಯುವ ಬಿಸ್ಕತ್ತು, ಸಿಹಿ, ಕುರುಕಲಿನ ಕಡೆಗೆ ಹರಿಯುತ್ತದೆ. ಇಳಿದ ತೂಕ ಮರಳಿ ಏರುವ ದಾರಿಯೂ ಅದೇ. ಊಟದಲ್ಲಿ ವೈವಿಧ್ಯ ಬೇಕೆಂಬುದು ನಾಲಿಗೆಯ ಚಾಪಲ್ಯವಲ್ಲ, ಪಥ್ಯದ ಒಂದು ಅಂಗವೇ ಆಗಿದೆ.

ಮುದ್ದೆಯ ಸ್ಥಾನ, ಕಾಳಿನ ಸ್ಥಾನ

ದಿನಕ್ಕೆ ಕನಿಷ್ಠ 60 ಗ್ರಾಂನಷ್ಟು ಪ್ರೋಟೀನ್ ದೇಹಕ್ಕೆ ಸೇರಬೇಕೆಂಬುದು ಈ ಚಿಕಿತ್ಸೆಯಾದವರಿಗೆ ಹೇಳುವ ಸಾಮಾನ್ಯ ಸೂತ್ರ. ಅದು ಕಡಿಮೆಯಾದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ, ಕೂದಲು ಉದುರುತ್ತದೆ, ನಿಶ್ಶಕ್ತಿ ಆವರಿಸುತ್ತದೆ. ಶಾಕಾಹಾರಿಗಳಾದ ನಾವು ಇದನ್ನು ಕಾಳು, ಬೇಳೆ, ಹಾಲು, ಮೊಸರುಗಳಿಂದಲೇ ಪಡೆಯಬೇಕು.

ನಮ್ಮ ಕಡೂರು ಸೀಮೆಯ ಊಟದ ನಡುವೆ ಕೂರುವುದು ರಾಗಿಮುದ್ದೆ. ಆದರೆ ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ; ಅಷ್ಟೇ ತೂಕದ ಹುರುಳಿ ಅಥವಾ ಹೆಸರುಕಾಳಿನಲ್ಲಿ 22 ಗ್ರಾಂನಷ್ಟು. ಪನೀರಿನಲ್ಲಿ ಸುಮಾರು 18 ಗ್ರಾಂ. ಮೇಲಾಗಿ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಈ ಚಿಕಿತ್ಸೆಯಾದವರು ಪ್ರತಿ ತುತ್ತನ್ನೂ ಇಪ್ಪತ್ತು, ಮೂವತ್ತು ಬಾರಿ ಅಗಿಯಬೇಕು. ಅಂಟಾದ ಉಂಡೆ ನುಂಗಿದರೆ ಎದೆಯಲ್ಲಿ ಕಟ್ಟಿಕೊಳ್ಳುತ್ತದೆ. ರಾಗಿಯನ್ನು ತೊರೆಯಬೇಕಾಗಿಲ್ಲ. ಮೊದಲು ತೆಳು ಅಂಬಲಿಯಾಗಿ, ಮುಂದೆ ಬೇಳೆ ಬೆರೆಸಿದ ದೋಸೆಯಾಗಿ ಅಥವಾ ತೆಳು ರೊಟ್ಟಿಯಾಗಿ ಅದು ಬರಲಿ. ಬಟ್ಟಲಿನಲ್ಲಿ ಕೊನೆಯ ಸ್ಥಾನ ಅದಕ್ಕಿರಲಿ. ಮೊದಲು ಕಾಳು, ಬೇಳೆ, ಮೊಸರು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ, ರೊಟ್ಟಿ.

ಮನೆಗಳಲ್ಲಿ ನಡೆಯುವ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಬಸ್ಸಾರು ಮಾಡುವಾಗ ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರು ಮಾಡುತ್ತೇವೆ, ಕಾಳನ್ನು ಪಲ್ಯ ಮಾಡುತ್ತೇವೆ. “ಪಾಪ, ಹೊಟ್ಟೆ ಸೂಕ್ಷ್ಮ” ಎಂದು ಚಿಕಿತ್ಸೆಯಾದವರಿಗೆ ತಿಳಿಸಾರನ್ನು ಕೊಟ್ಟು, ಕಾಳಿನ ಪಲ್ಯವನ್ನು ಉಳಿದವರು ಉಣ್ಣುತ್ತಾರೆ. ಪ್ರೋಟೀನಿನ ಬಹುಪಾಲು ಕಾಳಿನಲ್ಲಿಯೇ ಉಳಿದಿರುತ್ತದೆ. ದ್ರವಾಹಾರದ ಅವಧಿ ಮುಗಿದ ಮೇಲೆ ಆ ಕಾಳೇ, ಅವರ ಮೆಟ್ಟಿಲಿಗೆ ತಕ್ಕಂತೆ ಅರೆದೋ ಹಿಸುಕಿಯೋ, ಅವರ ಬಟ್ಟಲಿಗೆ ಬರಬೇಕು.

ಒಂದೇ ಕಾಳು, ಹಲವು ರೂಪ

ವೈವಿಧ್ಯವೆಂದರೆ ಹತ್ತು ಬಗೆಯ ಅಡುಗೆ ಮಾಡಿ ಮುಂದಿಡುವುದಲ್ಲ. ಒಂದೇ ಪದಾರ್ಥದ ರೂಪ, ಹುಳಿ, ಘಮ ಬದಲಾದರೆ ಸಾಕು. ಒಂದು ಹಿಡಿ ಹೆಸರುಕಾಳು ನೆನೆಸಿದರೆ ಮೊದಲ ದಿನ ಬೇಯಿಸಿ ಮಸೆದು ಜೀರಿಗೆಯ ಒಗ್ಗರಣೆ ಕೊಡಬಹುದು. ಮರುದಿನ ನಿಂಬೆ ಹಿಂಡಿ ಉಸಲಿ. ಉಳಿದುದನ್ನು ಶುಂಠಿಯೊಡನೆ ರುಬ್ಬಿ ಪುಟ್ಟ ದೋಸೆ. ಹುರುಳಿಯನ್ನು ಮೊಳಕೆ ಬರಿಸಿ ಚೆನ್ನಾಗಿ ಬೇಯಿಸಿ ಅರೆದ ಗೊಜ್ಜು ಇನ್ನೊಂದು ರುಚಿ.

ತೊಗರಿಬೇಳೆ, ಕಡಲೆಬೇಳೆಗಳನ್ನು ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ಬೆರೆಸಿ ಹಬೆಯಲ್ಲಿ ಬೇಯಿಸುವ ನುಚ್ಚಿನುಂಡೆ ಇವರಿಗೆಂದೇ ಹುಟ್ಟಿದ ತಿನಿಸೆನ್ನಬೇಕು. ಎಣ್ಣೆ ಅತ್ಯಲ್ಪ, ಬೇಳೆಯೇ ಎಲ್ಲ. ಗಟ್ಟಿ ಮಜ್ಜಿಗೆಹುಳಿಯಲ್ಲಿ ಮೆತ್ತಗಾಗಿಸಿದ ಒಂದೆರಡು ಉಂಡೆಯೇ ಒಂದು ಊಟ. ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ. ಬೇಸಿಗೆಯಲ್ಲಿ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಸೌತೆ, ಕೊತ್ತಂಬರಿ. ಮನೆಯಲ್ಲಿಯೇ ಹಾಲು ಒಡೆಸಿ ಮಾಡಿದ ಪನೀರನ್ನು ಪುಡಿಮಾಡಿ ಪಾಲಕ್ ಸೊಪ್ಪಿನೊಡನೆ ಬೇಯಿಸಬಹುದು. ಹಸಿ ಬೇಳೆಯ ಕೋಸಂಬರಿ ಮಾತ್ರ ಕೆಲವು ತಿಂಗಳು ಕಾಯಲಿ.

ತೆಂಗಿನ ನಾಡು ನಮ್ಮದು; ಕಾಯಿ ಬೀಳದ ಅಡುಗೆಯಿಲ್ಲ. ಆದರೆ ಕಾಯಿಯಲ್ಲಿ ಹೆಚ್ಚಾಗಿರುವುದು ಕೊಬ್ಬು. ಇವರಿಗೆ ಬೇರೆ ಅಡುಗೆ ಬೇಕಿಲ್ಲ. ಮನೆಯ ಸಾರಿಗೆ ಮಸಾಲೆ, ಕಾಯಿ ಹಾಕುವ ಮೊದಲು ಒಂದು ಬಟ್ಟಲು ತೆಗೆದಿಟ್ಟರಾಯಿತು.

ನೀರು, ಸಿಹಿ, ಉಪವಾಸ, ಮಾತ್ರೆ

ಊಟದ ಜೊತೆಗೆ ನೀರು, ಮಜ್ಜಿಗೆ ಕುಡಿಯಬಾರದು. ಊಟವಾಗಿ ಅರ್ಧ ಗಂಟೆಯ ಬಳಿಕ ಗುಟುಕು ಗುಟುಕಾಗಿ ಆರಂಭಿಸಿ, ದಿನವಿಡೀ ಒಂದೂವರೆ ಲೀಟರಿನಷ್ಟಾದರೂ ಸೇರಬೇಕು.

ಹೋಳಿಗೆ, ಹುಗ್ಗಿ, ಪಾಯಸಗಳ ವಿಷಯದಲ್ಲಿ ಎಚ್ಚರ ಅಗತ್ಯ. ವಿಶೇಷವಾಗಿ ಬೈಪಾಸ್ ಆದವರಿಗೆ ಸಿಹಿ ಕರುಳಿಗೆ ಒಮ್ಮೆಲೇ ಇಳಿದು ಎದೆ ಬಡಿತ, ಬೆವರು, ತಲೆಸುತ್ತು, ಭೇದಿ ಉಂಟಾಗಬಹುದು. ಬೆಲ್ಲವಾದರೆ ಅಡ್ಡಿಯಿಲ್ಲ ಎಂಬ ನಂಬಿಕೆ ಸರಿಯಲ್ಲ. ಶಿವರಾತ್ರಿಯ ಉಪವಾಸವನ್ನೂ ಶ್ರಾವಣ ಸೋಮವಾರದ ಒಪ್ಪೊತ್ತನ್ನೂ ವೈದ್ಯರನ್ನು ಕೇಳದೆ ಹಿಡಿಯಬಾರದು. ಇಷ್ಟಲಿಂಗ ಪೂಜೆ, ಮಂತ್ರಜಪಗಳಿಗೆ ಯಾವ ಅಡ್ಡಿಯೂ ಇಲ್ಲ.

ಬಿ12, ಕಬ್ಬಿಣ, ಕ್ಯಾಲ್ಸಿಯಂ ಮೊದಲಾದ ಮಾತ್ರೆಗಳನ್ನು “ಈಗ ಚೆನ್ನಾಗಿದ್ದೇನೆ” ಎಂದು ನಿಲ್ಲಿಸುವಂತಿಲ್ಲ. ಸಸ್ಯಾಹಾರದಲ್ಲಿ ಬಿ12 ಮೊದಲೇ ವಿರಳ. ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಜೊತೆಗಾಗಲಿ ಕಾಫಿಯ ಜೊತೆಗಾಗಲಿ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತದು. ನಡುವೆ ಎರಡು ಗಂಟೆ ಅಂತರವಿರಲಿ. ನೀರೂ ನಿಲ್ಲದಂತೆ ವಾಂತಿಯಾದರೆ, ಪಾದಗಳು ಜುಮುಗುಟ್ಟಿದರೆ, ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಪ್ರಸಾದಕ್ಕೆ ಅಳತೆ ಯಾವುದು?

ಇನ್ನು ಆ ಭಕ್ತರ ಮೊದಲ ಪ್ರಶ್ನೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವೇ ಒಂದಿದೆ. ಪದಾರ್ಥವು ಲಿಂಗಾರ್ಪಿತವಾಗಿ ಪ್ರಸಾದವಾಗುತ್ತದೆ. ಅರ್ಪಣೆಯಲ್ಲಿರುವುದು ಭಾವ, ಸೇರು, ಪಾವಿನ ಲೆಕ್ಕವಲ್ಲ. ಪ್ರಸಾದವನ್ನು ಚೆಲ್ಲಬಾರದೆಂಬ ನಿಯಮದ ಅರ್ಥ, ಹಿಡಿಸದಷ್ಟು ಉಣ್ಣಬೇಕೆಂದಲ್ಲ, ಹಿಡಿಸುವಷ್ಟನ್ನೇ ನೀಡಿಸಿಕೊಳ್ಳಬೇಕೆಂದು. ಈ ಅರ್ಥದಲ್ಲಿ ನಾಲ್ಕೇ ತುತ್ತನ್ನು ನೀಡಿಸಿಕೊಂಡು, ನಿಧಾನವಾಗಿ ಅಗಿದು ಸ್ವೀಕರಿಸುವವರು ನಿಯಮವನ್ನು ನಮಗಿಂತ ಚೆನ್ನಾಗಿಯೇ ಪಾಲಿಸುತ್ತಿದ್ದಾರೆ. ತಟ್ಟೆ ತೊಳೆದ ನೀರನ್ನು ಕುಡಿಯುವ ಪದ್ಧತಿಯುಳ್ಳವರು ಕೈಹಿಡಿಯಷ್ಟಿರುವ ಬಟ್ಟಲಿನಲ್ಲಿ ಉಂಡರೆ ಒಂದು ಚಮಚ ನೀರಿನಲ್ಲಿ ಅದು ನೆರವೇರುತ್ತದೆ.

ದಾಸೋಹದಲ್ಲಿ ಬಡಿಸುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಯಾರಾದರೂ ಕೈ ಅಡ್ಡ ಹಿಡಿದರೆ ಕಾರಣ ಕೇಳಬೇಡಿ, “ಇನ್ನೊಂದು ಸ್ವಲ್ಪ” ಎಂದು ಒತ್ತಾಯಿಸಬೇಡಿ. ಪಂಕ್ತಿಯ ಬಳಿ ಚಿಕ್ಕ ಬಟ್ಟಲುಗಳನ್ನು ಇರಿಸಿದ್ದೇವೆ. ಬೇಕೆಂದವರು ಕೇಳಿ ಪಡೆಯಬಹುದು. ಅನ್ನಕ್ಕಿಂತ ಮೊದಲು ಕಾಳಿನ ಪಲ್ಯ ನೀಡುವಂತೆ ಅಡುಗೆಮನೆಗೂ ತಿಳಿಸಿದ್ದೇವೆ. ಉಳಿದವರು ಉಂಡೇಳುವವರೆಗೆ ಅವರೂ ಪಂಕ್ತಿಯಲ್ಲಿ ಕುಳಿತಿರಲಿ. ದಾಸೋಹವೆಂದರೆ ಕೂಡಿ ಕೂರುವುದೂ ಹೌದು.

ಆ ಭಕ್ತರು ಕಳೆದ ಸೋಮವಾರ ಬಡಿಸುವ ಸೇವೆ ಮುಗಿಸಿ, ಕೊನೆಯ ಪಂಕ್ತಿಯಲ್ಲಿ ಚಿಕ್ಕ ಬಟ್ಟಲು ಹಿಡಿದು ಕುಳಿತರು. ಹುರುಳಿಕಾಳಿನ ಪಲ್ಯ, ಎರಡು ಚಮಚ ಮೊಸರು. ಬಟ್ಟಲಲ್ಲಿ ಏನೂ ಉಳಿಯಲಿಲ್ಲ.

— ಕಾರ್ಯದರ್ಶಿಗಳು, ಶ್ರೀಮಠ