ಕೈ ಮರಗಟ್ಟಿದರೆ ಬ್ರೇಕ್ ಹಿಡಿಯೋದು ಯಾರು?

ಮಳೆಗಾಲದ ಸೈಕಲ್ ಸವಾರರಿಗೆ ಬೇಕು ಬೆಚ್ಚನೆಯ ಗ್ಲೌಸು: ಅಂಗಡಿಯವರೂ ಗಮನಿಸಲಿ

ಆರಿದ್ರೆ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳಗಿನ ಜಾವ ಸೈಕಲ್ ತುಳಿಯುವವರ ಪಾಡು ದೇವರಿಗೇ ಪ್ರೀತಿ. ಪೇಪರ್ ಹಾಕುವ ಹುಡುಗರು, ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಓಡುವವರು, ಮೊದಲ ಬಸ್ಸಿಗಾಗಿ ಹಳ್ಳಿಯಿಂದ ಮೇನ್ ರೋಡಿಗೆ ಬಂದು ಹೋಟೆಲಿನ ಪಕ್ಕ ಸೈಕಲ್ ನಿಲ್ಲಿಸಿ ಹೋಗುವವರು, ಹೈಸ್ಕೂಲಿನ ಮಕ್ಕಳು. ಇವರಿಗೆಲ್ಲ ತಲೆಗೆ ಟೋಪಿ ಉಂಟು, ಮೈಗೆ ಮಳೆಕೋಟು ಉಂಟು. ಕೈಗೆ? ಕೈಗೆ ಮಾತ್ರ ಏನೂ ಇಲ್ಲ!

"ಇದೇನು ಕಾಶ್ಮೀರಾನಾ ಮಾರಾಯ್ರೆ, ಗ್ಲೌಸ್ ಯಾಕೆ?" ಎಂದು ನಗುವವರಿದ್ದಾರೆ. ನಗುವ ಮೊದಲು ಸ್ವಲ್ಪ ಲೆಕ್ಕ ಕೇಳಲಿ. ಜುಲೈನಲ್ಲಿ ಥರ್ಮಾಮೀಟರ್ 20 ಡಿಗ್ರಿ ಆಸುಪಾಸು ತೋರಿಸಬಹುದು. ಆದರೆ ಶಾಖ ಎಳೆದುಕೊಳ್ಳುವುದರಲ್ಲಿ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕು. ಒದ್ದೆ ಕೈಗೆ ಎದುರುಗಾಳಿ ಬಡಿದರೆ ನೀರು ಆರುತ್ತಾ ಇನ್ನಷ್ಟು ಶಾಖ ಕದಿಯುತ್ತದೆ. ಮೈ ತಣ್ಣಗಾಗುತ್ತಿದೆ ಎಂದಾಗ ದೇಹ ಮಾಡುವ ಮೊದಲ ಕೆಲಸ ಬೆರಳುಗಳಿಗೆ ರಕ್ತ ಕಡಿಮೆ ಮಾಡುವುದು. ಎದೆ, ಹೊಟ್ಟೆ ಬೆಚ್ಚಗಿದ್ದರೆ ಸಾಕು, ಬೆರಳು ಹೇಗಾದರೂ ಇರಲಿ ಎಂಬ ನ್ಯಾಯ ಅದರದು. ಹೀಗೆ ಬೆರಳು ಮರಗಟ್ಟುತ್ತದೆ.

ಮರಗಟ್ಟಿದ ಬೆರಳು ಬ್ರೇಕ್ ಹಿಡಿಯುವುದು ತಡ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವ ಸೈಕಲ್ ಒಂದು ಸೆಕೆಂಡಿಗೆ ನಾಲ್ಕು ಮೀಟರ್ ಓಡಿರುತ್ತದೆ. ಇಳಿಜಾರಾದರೆ ಇನ್ನೂ ಹೆಚ್ಚು. ಮೇಲಾಗಿ ನಮ್ಮ ಹಳೇ ಸೈಕಲ್‌ಗಳದ್ದು ಸ್ಟೀಲ್ ರಿಮ್ಮು. ರಿಮ್ ಒದ್ದೆಯಾದರೆ ಬ್ರೇಕಿನ ರಬ್ಬರು ಮೊದಲು ನೀರು ಒರೆಸಬೇಕು, ಆಮೇಲೆ ಚಕ್ರ ಹಿಡಿಯಬೇಕು. ಕೈಯೂ ತಡ, ಬ್ರೇಕೂ ತಡ. ಎದುರಿಗೆ ತಿರುವಿನಲ್ಲಿ ಬಸ್ಸು ಬಂದರೆ ಗತಿ ಏನು?

ಹತ್ತಿ ಬೇಡವೇ ಬೇಡ

ಪೇಟೆಯಲ್ಲಿ ಅಗ್ಗಕ್ಕೆ ಸಿಗುವುದು ಹತ್ತಿ ನೂಲಿನ ಬಿಳಿ ಗ್ಲೌಸು. ಬಿಸಿಲಿಗೆ ಸರಿ, ಮಳೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಹತ್ತಿ ನೀರು ಕುಡಿದು ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬೇಗ ಆರುವುದೂ ಇಲ್ಲ. ಚರ್ಮದ ಗ್ಲೌಸು ನೋಡಲು ಜೋರು, ಆದರೆ ಸುಮ್ಮನೆ ಹದ ಮಾಡಿದ ಚರ್ಮ ದಿನವಿಡೀ ಸುರಿಯುವ ಮಳೆಗೆ ನೆನೆದು ಭಾರವಾಗುತ್ತದೆ, ಒಣಗಿದರೆ ಸೆಟೆದುಕೊಳ್ಳುತ್ತದೆ.

ಬೇಕಾದ್ದು ಉಣ್ಣೆ. ಇದೇನು ಹೊಸ ವಿದ್ಯೆಯಲ್ಲ. ಸಸಿ ನೆಡುವಾಗ ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹೊದ್ದದ್ದು ಯಾಕೆ? ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಪೂರ್ತಿ ನೆನೆದಾಗಲೂ ಅದರ ಗುಂಗುರು ಎಳೆಗಳ ನಡುವೆ ಒಂದಿಷ್ಟು ಗಾಳಿ ಉಳಿಯುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ.

'ಉಲ್ಲನ್' ಎಂದು ಮಾರುವುದೆಲ್ಲ ಉಣ್ಣೆಯಲ್ಲ ಎಂಬುದನ್ನೂ ನೆನಪಿಡಬೇಕು. ಬಹಳಷ್ಟು ಅಕ್ರಿಲಿಕ್. ಒಳಗಿನ ಹೊಲಿಗೆಯಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿದರೆ ಗುಟ್ಟು ಬಯಲು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಹಾಗೆಂದು ಅಕ್ರಿಲಿಕ್ ಎಸೆಯಬೇಕಿಲ್ಲ. ಹತ್ತಿಗಿಂತ ಅದು ಎಷ್ಟೋ ವಾಸಿ, ಬೇಗ ಆರುತ್ತದೆ.

ಮೇಲೊಂದು, ಒಳಗೊಂದು

ಆದರೆ ಬರೀ ಉಣ್ಣೆ ಗಾಳಿ ತಡೆಯುವುದಿಲ್ಲ. ಹೆಣೆದ ಸಂದಿಯಲ್ಲಿ ಗಾಳಿಯೂ ನುಗ್ಗುತ್ತದೆ, ನೀರೂ ನುಗ್ಗುತ್ತದೆ. ಅದಕ್ಕೆ ಉಪಾಯ: ಒಳಗೆ ತೆಳ್ಳನೆಯ ಉಣ್ಣೆ, ಅದರ ಮೇಲೆ ಪಾತ್ರೆ ತೊಳೆಯಲು ಬಳಸುವ ಉದ್ದ ತೋಳಿನ ರಬ್ಬರ್ ಗ್ಲೌಸು. ರಬ್ಬರಿನದು ಒಂದು ಸೈಜು ದೊಡ್ಡದಿರಲಿ. ಎರಡೂ ಸೇರಿದರೂ ಒಂದು ಒಳ್ಳೇ ಮಳೆಕೋಟಿನ ಬೆಲೆ ಆಗುವುದಿಲ್ಲ. ಹಳದಿ ಬಣ್ಣದ್ದಾದರೆ ಇನ್ನೊಂದು ಲಾಭ: ಮಬ್ಬುಗತ್ತಲಲ್ಲಿ ಕೈ ತೋರಿಸಿದರೆ ಬಸ್ ಡ್ರೈವರ್ ಕಣ್ಣಿಗೆ ಬೀಳುತ್ತದೆ.

ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳುವವರೂ ಇದ್ದಾರೆ. ನೀರೇನೋ ತಡೆಯುತ್ತದೆ, ಆದರೆ ಬ್ರೇಕಿನ ಮೇಲೆ ಜಾರುತ್ತದೆ. ಹುಷಾರು! ಅಂಗೈಗೆ ಒರಟು ಹಿಡಿತ ಇರುವುದೇ ಸರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಅಂಗೈಗೆ ಮಾತ್ರ ರಬ್ಬರು ಬಳಿದ ಕೆಲಸದ ಗ್ಲೌಸು ಹಿಡಿತಕ್ಕೆ ಚೆನ್ನ, ಆದರೆ ಬೆನ್ನಿನ ಕಡೆ ಬರೀ ಬಟ್ಟೆ. ಅಲ್ಲಿಂದ ನೀರು ಇಳಿಯುತ್ತದೆ. ಸೋನೆ ಮಳೆಗೆ ಸಾಕು, ಪುಷ್ಯದ ಮಳೆಗೆ ಸಾಲದು.

ಅಂಗಡಿಯಲ್ಲೇ ಪರೀಕ್ಷೆ

ಬಿಗಿ ಗ್ಲೌಸು ಎಷ್ಟು ದಪ್ಪವಿದ್ದರೂ ಕೈ ಬೆಚ್ಚಗಿಡುವುದಿಲ್ಲ. ರಕ್ತ ಓಡಬೇಕಲ್ಲ! ಹಾಕಿಕೊಂಡು ಮುಷ್ಟಿ ಕಟ್ಟಿ ನೋಡಬೇಕು. ಬೆರಳ ತುದಿ ಒತ್ತಬಾರದು, ಗೆಣ್ಣು ಬಿಗಿಯಬಾರದು. ಆಮೇಲೆ ಅಂಗಡಿ ಮುಂದೆ ನಿಂತ ಸೈಕಲ್ಲಿನ ಬ್ರೇಕ್ ಹತ್ತು ಸಲ ಹಿಡಿದು ಬಿಡಬೇಕು, ಬೆಲ್ ಹೊಡೆಯಬೇಕು. ಇದಾಗದಿದ್ದರೆ ಆ ಜೊತೆ ವಾಪಸ್.

ಇನ್ನೊಂದು ಸಣ್ಣ ವಿಷಯ, ಪರಿಣಾಮ ದೊಡ್ಡದು. ಸೈಕಲ್ ಮೇಲೆ ಕೂತಾಗ ತೋಳು ಕೈಯ ಕಡೆಗೆ ಇಳಿಜಾರು. ಕೋಟಿನ ತೋಳನ್ನು ಗ್ಲೌಸಿನೊಳಗೆ ತುರುಕಿದರೆ ಮಳೆನೀರೆಲ್ಲ ಬೆರಳಿಗೇ ಬಂದು ತುಂಬುತ್ತದೆ. ಹೆಂಚು ಹೊದಿಸಿದ ಹಾಗೆ ಕೋಟಿನ ತೋಳು ಮೇಲೆ, ಗ್ಲೌಸು ಕೆಳಗೆ ಇರಬೇಕು.

ರಬ್ಬರಿನೊಳಗೆ ಬೆವರುವುದು ಸಹಜ. ಅರ್ಧ ಗಂಟೆಯ ದಾರಿಗೆ ತೊಂದರೆಯಿಲ್ಲ. ಹೆಚ್ಚು ಹೊತ್ತು ಸುತ್ತುವವರು ಒಳಗಿನ ಉಣ್ಣೆಯ ಇನ್ನೊಂದು ಜೊತೆ ಕವರಿನಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಲಿ. ದುಬಾರಿ ಒಂದು ಜೊತೆಗಿಂತ ಸಾಧಾರಣ ಎರಡು ಜೊತೆ ಮೇಲು. ಮನೆಗೆ ಬಂದ ಮೇಲೆ ಒಲೆ ಮೇಲೆ ಒಣಗಿಸಬಾರದು. ಓದಿ ಮುಗಿಸಿದ ಪೇಪರನ್ನು ಉಂಡೆ ಮಾಡಿ ಒಳಗೆ ತುರುಕಿದರೆ ಒದ್ದೆ ಎಳೆದುಕೊಳ್ಳುತ್ತದೆ. ಮರಗಟ್ಟಿದ ಕೈಯನ್ನೂ ನೇರ ಬೆಂಕಿಗೆ ಹಿಡಿಯಬಾರದು. ಸುಡುತ್ತಿರುವುದು ಗೊತ್ತಾಗುವುದೇ ಇಲ್ಲ. ಕಂಕುಳಲ್ಲಿ ಇಟ್ಟುಕೊಂಡರೆ ತಾನಾಗಿ ಬಿಸಿಯಾಗುತ್ತದೆ.

ಯಾರ ಜವಾಬ್ದಾರಿ?

ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಹಂಚಲು ಶುರು ಮಾಡಿತು. ಚಕ್ರ ಬಂತು, ಬೆಲ್ಲು ಬಂತು. ಮಳೆಯಲ್ಲಿ ಅದನ್ನು ಹಿಡಿಯುವ ಕೈಯ ಯೋಚನೆ ಯಾರಿಗೂ ಬರಲಿಲ್ಲ. ಪೇಪರ್ ಏಜೆಂಟರು ಪೇಪರ್ ಒದ್ದೆಯಾಗದಂತೆ ಪ್ಲಾಸ್ಟಿಕ್ ಸುತ್ತಿಸುತ್ತಾರೆ, ತಪ್ಪಲ್ಲ. ಅದನ್ನು ಹಂಚುವ ಹುಡುಗನ ಕೈಗೂ ವರ್ಷಕ್ಕೊಂದು ಜೊತೆ ಕೊಡಿಸಿದರೆ ಅವರ ಗಂಟೇನೂ ಕರಗುವುದಿಲ್ಲ.

ಅಂಗಡಿಯವರಿಗೂ ಒಂದು ಮಾತು. ಗ್ಲೌಸು ಚಳಿಗಾಲದ ಮಾಲು ಎಂದು ಡಿಸೆಂಬರಿಗೆ ಕಾಯಬೇಡಿ. ಆಗುಂಬೆಯ ಜಿಲ್ಲೆಯಿದು, ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಕೈಗೆ ನಿಜವಾದ ಚಳಿ ಇಲ್ಲಿ ಜೂನ್‌ನಿಂದಲೇ. ಕೊಡೆ, ಮಳೆಕೋಟು ನೇತುಹಾಕುವ ಹಗ್ಗಕ್ಕೇ ಉಣ್ಣೆ ಗ್ಲೌಸು, ರಬ್ಬರ್ ಗ್ಲೌಸು ಎರಡನ್ನೂ ಜೋಡಿ ಮಾಡಿ ನೇತುಹಾಕಿ. ಗಿರಾಕಿ ತಾನಾಗಿ ಕೇಳುತ್ತಾನೆ. ವ್ಯಾಪಾರಕ್ಕೆ ವ್ಯಾಪಾರವೂ ಆಯಿತು, ನಾಲ್ಕು ಜನರ ಬ್ರೇಕ್ ಹೊತ್ತಿಗೆ ಸರಿಯಾಗಿ ಬಿದ್ದ ಪುಣ್ಯವೂ ಬಂತು.