ಜಲಕ್ರೀಡೆಯಲ್ಲಿ ಜೋಡಿ ಜಿಗಿತ

ಕೃಷ್ಣಾತೀರದ ಚಿಕ್ಕಪಡಸಲಗಿ ಮೊದಲಾದ ಊರುಗಳ ಬಾಲಕರಿಗೆ ನೀರಿಗೆ ಜಿಗಿಯುವುದು ಹೊಸದಲ್ಲ. ಬೇಸಿಗೆ ಬಂದಿತೆಂದರೆ ತೋಟದ ಬಾವಿಯ ದಂಡೆಯೇ ಅವರ ಕ್ರೀಡಾರಂಗ. ಇದೇ ನೆರೆಯ ಮುಧೋಳದಲ್ಲಿ ಜನಿಸಿದ ಮಹಾಕವಿ ರನ್ನನು ತನ್ನ ‘ಗದಾಯುದ್ಧ’ದಲ್ಲಿ ವೈಶಂಪಾಯನ ಸರೋವರವನ್ನು ಹೊಕ್ಕ ದುರ್ಯೋಧನನನ್ನು ಚಿತ್ರಿಸಿದ್ದಾನೆ. ಆ ಛಲವಂತನು ನೀರಿಗಿಳಿದುದು ಏಕಾಕಿಯಾಗಿ. ಬಾವಿಗೆ ಜಿಗಿಯುವ ಬಾಲಕನೂ ತನ್ನೊಬ್ಬನ ಧೈರ್ಯವನ್ನೇ ನಂಬಿದವನು. ಆದರೆ ಇಬ್ಬರು ಒಂದೇ ದೇಹವೆಂಬಂತೆ ನೀರನ್ನು ಹೊಗಬೇಕಾದ ಕ್ರೀಡೆಯೂ ಒಂದುಂಟು. ಅದೇ ಜೋಡಿ ಜಿಗಿತ.

ಒಲಿಂಪಿಕ್ ಕ್ರೀಡಾಕೂಟದಲ್ಲಿ ಇದು ಪ್ರವೇಶ ಪಡೆದುದು 2000ದಲ್ಲಿ, ಸಿಡ್ನಿ ನಗರದಲ್ಲಿ. ಪುರುಷರ ಚಿಮ್ಮುಹಲಗೆಯ ಮೊದಲ ಸ್ವರ್ಣಪದಕ ಚೀನದ ಶಿಯೊಂಗ್ ನೀ ಮತ್ತು ಶಿಯಾವೊ ಹೈಲಿಯಾಂಗ್ ಅವರ ಪಾಲಾಯಿತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ನಿಮಿತ್ತ ದೆಹಲಿಯ ತಾಲ್ಕಟೋರಾ ಈಜುಕೊಳದಲ್ಲಿ ಭಾರತೀಯರೂ ಈ ಸ್ಪರ್ಧೆಯನ್ನು ಕಣ್ಣಾರೆ ಕಂಡರು.

ನೀರಿನಿಂದ 3 ಮೀಟರ್ ಎತ್ತರದಲ್ಲಿ ಎರಡು ಹಲಗೆಗಳು ಅಕ್ಕಪಕ್ಕದಲ್ಲಿರುತ್ತವೆ. ಒಬ್ಬನು ಮೆಲುದನಿಯಲ್ಲಿ ಎಣಿಕೆ ಹೇಳುತ್ತಾನೆ. ಇಬ್ಬರೂ ಸಮಹೆಜ್ಜೆಯಲ್ಲಿ ನಡೆದು ತುದಿಯನ್ನು ಮೆಟ್ಟುತ್ತಾರೆ. ಬಾಗಿದ ಹಲಗೆ ಅವರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ದೇಹಭಾರ ಬೇರೆಯಾದರೆ ಹಲಗೆಯ ಬಾಗೂ ಬೇರೆಯಾಗುವುದರಿಂದ, ಅದರ ಕೆಳಗಿನ ಆಧಾರವನ್ನು ಹಿಂದೆ ಮುಂದೆ ಸರಿಸಿ ಚಿಮ್ಮುವಿಕೆಯನ್ನು ಹೊಂದಿಸಿಕೊಳ್ಳುತ್ತಾರೆ. ಕಾಲು ಹಲಗೆಯನ್ನು ಬಿಟ್ಟ ಮೇಲೆ ಏರುವ ಎತ್ತರವನ್ನು ತಿದ್ದಲಾಗದು. ಮೈಯನ್ನು ಮುದುಡಿದರೆ ಲಾಗದ ವೇಗ ಹೆಚ್ಚುತ್ತದೆ, ಚಾಚಿದರೆ ತಗ್ಗುತ್ತದೆ. ಕೈಯಲ್ಲಿ ಉಳಿಯುವುದು ಇಷ್ಟೆ.

ತೀರ್ಪಿನ ಕ್ರಮವು ಈ ಕ್ರೀಡೆಯ ಮರ್ಮವನ್ನು ತೋರಿಸುತ್ತದೆ. ಹನ್ನೊಂದು ಮಂದಿ ತೀರ್ಪುಗಾರರಲ್ಲಿ ಮೂವರು ಒಬ್ಬನನ್ನು, ಮೂವರು ಮತ್ತೊಬ್ಬನನ್ನು, ಉಳಿದ ಐವರು ಇಬ್ಬರ ಹೊಂದಾಣಿಕೆಯನ್ನು ಮಾತ್ರ ನೋಡುತ್ತಾರೆ. ಪ್ರತಿ ಗುಂಪಿನಲ್ಲಿಯೂ ಅತಿ ಹೆಚ್ಚಿನ ಹಾಗೂ ಅತಿ ಕಡಿಮೆಯ ಅಂಕಗಳನ್ನು ಕೈಬಿಡಲಾಗುತ್ತದೆ. ಕೊನೆಗೆ ಉಳಿಯುವ ಐದು ಅಂಕಗಳಲ್ಲಿ ಇಬ್ಬರ ನೈಪುಣ್ಯಕ್ಕೆ ಒಂದೊಂದು, ಹೊಂದಾಣಿಕೆಗೆ ಮೂರು. ಇವುಗಳ ಮೊತ್ತವನ್ನು ಜಿಗಿತದ ಕಾಠಿಣ್ಯದಿಂದಲೂ 0.6ರಿಂದಲೂ ಗುಣಿಸಿ ಫಲವನ್ನು ನಿರ್ಣಯಿಸುತ್ತಾರೆ. ಎಂದಮೇಲೆ ತಾನೊಬ್ಬನೇ ಮೆರೆಯುವವನಿಗೆ ಇಲ್ಲಿ ಸ್ಥಾನವಿಲ್ಲ.

2004ರ ಅಥೆನ್ಸ್ ಒಲಿಂಪಿಕ್ಸ್ ಇದಕ್ಕೆ ನಿದರ್ಶನ. ಚೀನದ ಪೆಂಗ್ ಬೋ ಮತ್ತು ವಾಂಗ್ ಕೆನಾನ್ ಕೊನೆಯ ಜಿಗಿತದವರೆಗೂ ಮುಂದಿದ್ದರು. ಆ ಜಿಗಿತದಲ್ಲಿ ವಾಂಗ್ ಬೆನ್ನಡಿಯಾಗಿ ನೀರಿಗೆ ಬಿದ್ದನು. ಜೊತೆಗಾರನು ತಪ್ಪದಿದ್ದರೂ ಜೋಡಿಗೆ ದೊರೆತುದು ಸೊನ್ನೆ. ಸ್ವರ್ಣಪದಕ ಆತಿಥೇಯ ಗ್ರೀಸಿನ ನಿಕೊಲಾವೋಸ್ ಸಿರಾನಿಡಿಸ್ ಮತ್ತು ಥೋಮಸ್ ಬಿಮಿಸ್ ಅವರಿಗೆ ಸಂದಿತು. ಒಬ್ಬನ ತಪ್ಪಿನಲ್ಲಿ ಇಬ್ಬರಿಗೂ ಪಾಲು, ಒಬ್ಬನ ಸಾಧನೆಯಲ್ಲಿಯೂ ಇಬ್ಬರಿಗೂ ಪಾಲು: ಇದೇ ಈ ಆಟದ ಧರ್ಮ.

ಈ ಧರ್ಮ ಚಿಕ್ಕಪಡಸಲಗಿಯ ನೆಲಕ್ಕೆ ಅಪರಿಚಿತವಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಕಟ್ಟಿದ ಬ್ಯಾರೇಜು ‘ಶ್ರಮಬಿಂದು ಸಾಗರ’ವೆಂದು ಹೆಸರಾಯಿತು. ಹಲವರ ಕೈ ಒಂದಾಗಿ ದುಡಿದುದರಿಂದಲೇ ನೀರು ನಿಂತಿತು.

ಆದರೆ ಒಂದು ಎಚ್ಚರಿಕೆಯ ಮಾತು. ಸ್ಪರ್ಧೆಯ ಹಲಗೆಯ ಕೆಳಗೆ ಮೂರೂವರೆ ಮೀಟರಿಗಿಂತ ಹೆಚ್ಚು ಆಳದ, ಅಳೆದು ತುಂಬಿದ ತಿಳಿನೀರು ಇರುತ್ತದೆ. ನದಿಯ ಆಳವಾದರೋ ದಿನಕ್ಕೊಂದು ಬಗೆ. ನಿನ್ನೆ ಮುಳುಗಿದ್ದ ಬಂಡೆ ಇಂದು ಮೊಳಕಾಲುದ್ದದ ನೀರಿನಲ್ಲಿ ಅಡಗಿರಬಹುದು. ತಲೆ ಕೆಳಗಾಗಿ ಜಿಗಿದವನ ಕೊರಳಿನ ಎಲುಬು ಮುರಿದರೆ ಬಾಳೆಲ್ಲ ಹಾಸಿಗೆಯೇ ಗತಿಯಾದೀತು. ಆದುದರಿಂದ ಸೇತುವೆಯ ಮೇಲಿಂದಾಗಲಿ, ಆಳ ತಿಳಿಯದ ಮಡುವಿಗಾಗಲಿ ವಿದ್ಯಾರ್ಥಿಗಳು ಜಿಗಿಯಲಾಗದು. ಬಲ್ಲವರ ಕಣ್ಣೆದುರಿನಲ್ಲಿ ಮೊದಲು ಈಜು ಕಲಿಯಬೇಕು, ಜಿಗಿತ ಆಮೇಲೆ. ಜಿಗಿಯಹೊರಟ ಗೆಳೆಯನನ್ನು ಹುರಿದುಂಬಿಸುವವನಿಗಿಂತ, ಆಳ ನೋಡದೆ ಜಿಗಿಯದಂತೆ ಕೈಹಿಡಿದು ನಿಲ್ಲಿಸುವವನೇ ನಿಜವಾದ ಜೊತೆಗಾರ.